ಸಾಲ ತೀರಿಸಿದ ಇರಣ್ಣ ಫೈನಾನ್ಸಿನವರನ್ನು ಹುಡುಕಿದ್ದು

ಲಗ್ಗೆರೆಯ ನಮ್ಮ ವಠಾರದಲ್ಲಿ ಬಾಡಿಗೆಗಿರುವ ಇರಣ್ಣ ಬಾಗಲಕೋಟೆ ಕಡೆಯವನು. ಹನ್ನೊಂದು ವರ್ಷದಿಂದ ಪೀಣ್ಯದ ಕಾರ್ಖಾನೆಗಳಿಗೆ ಲಗೇಜ್ ಆಟೋದಲ್ಲಿ ಸಾಮಾನು ಸಾಗಿಸುತ್ತಿದ್ದ. ಆಟೋ ಫೈನಾನ್ಸಿನಲ್ಲಿ ತೆಗೆದದ್ದು. ಕಂತು ಎರಡು ದಿನ ತಡವಾದರೆ ಸಾಕು, ವಸೂಲಿಯವರ ಪ್ರೀತಿ ನೋಡಬೇಕಿತ್ತು. ಕಟಿಂಗ್ ಶಾಪಿನಲ್ಲಿ ಅರ್ಧ ಗಡ್ಡ ಬೋಳಿಸಿಕೊಂಡು ಕೂತವನನ್ನೂ ಹುಡುಕಿಕೊಂಡು ಬಂದರು. ಅವನ ಅತ್ತೆಯ ಊರಿನ ಪಂಚಾಯಿತಿ ಮೆಂಬರಿಗೂ ಫೋನ್ ಮಾಡಿ ಅಳಿಯನ ಯೋಗಕ್ಷೇಮ ವಿಚಾರಿಸಿದರು.

ಈ ಯುಗಾದಿಗೆ ಇರಣ್ಣ ಕೊನೆಯ ಕಂತು ಕಟ್ಟಿದ. ಈ ವಸೂಲಿ ಬಂಧುಬಳಗವೆಲ್ಲ ಮಾಯ.

ಬೆನ್ನುನೋವು ಬಂದು ಆಟೋ ಮಾರಲು ಹೊರಟಾಗ ಅವರು ಬೇಕಾದರು. ಸಾಲ ತೀರಿದೆ ಎಂಬ ಎನ್‌ಓಸಿ ಪತ್ರ ಸೋಮವಾರದೊಳಗೆ ಬಾರದಿದ್ದರೆ ಅಡ್ವಾನ್ಸ್ ವಾಪಸ್ ಕೊಡು ಎಂದ, ಕೊಳ್ಳುವವನು. ಆ ಅಡ್ವಾನ್ಸನ್ನು ಇರಣ್ಣನ ಹೆಂಡತಿ ಶೈಲಜಾ ಆಗಲೇ ತಾನು ಇಡಬೇಕೆಂದಿದ್ದ ರೊಟ್ಟಿ ಅಂಗಡಿಯ ಮಳಿಗೆಗೆ ಕಟ್ಟಿದ್ದಳು. ಇರಣ್ಣನ ಫೋನಿನಲ್ಲಿ ವಸೂಲಿಯವರ ನಂಬರು ಹದಿನಾಲ್ಕಿದ್ದವು, ಒಂದಕ್ಕೂ ಲೈನ್ ಸಿಗಲಿಲ್ಲ. ರಸೀದಿಯಲ್ಲಿದ್ದ ಆಫೀಸಿನ ಜಾಗದಲ್ಲಿ ಚಪ್ಪಲಿ ಅಂಗಡಿ. ಕಂಪನಿಯ ದೊಡ್ಡ ನಂಬರಿಗೆ ಮಾಡಿದರೆ ಅರ್ಧ ಗಂಟೆ ಸಂಗೀತ ಕೇಳಿಸಿ, ಕೊನೆಗೊಬ್ಬಳು ಹುಡುಗಿ ಹೊಸ ಸಾಲ ಬೇಕೇ ಎಂದಳಂತೆ.

ನಮ್ಮ ಯಜಮಾನರು ತೀರಿಹೋದ ಮೇಲೆ ವಠಾರದ ಬಾಡಿಗೆ ವಸೂಲಿ ನನ್ನದೇ. ಯಾವ ಬಾಗಿಲಿಗೆ ಯಾವ ದಿನ ಯಾರು ಬರುತ್ತಾರೆಂಬುದು ನನಗೆ ಬಾಯಿಪಾಠ. ಕೊನೆಯ ಮನೆಯ ವಸಂತ್ ಅದೇ ಕಂಪನಿಯಲ್ಲಿ ಬೈಕ್ ತೆಗೆದು ನಾಲ್ಕು ಕಂತು ಉಳಿಸಿಕೊಂಡಿದ್ದ. ಅವನಲ್ಲಿಗೆ ಗುರುವಾರ ಬೆಳಿಗ್ಗೆ ಏಳಕ್ಕೆ ತಪ್ಪದೆ ಬರುತ್ತಾರೆ.

"ಅಲ್ಲೋ ಇರಣ್ಣ, ಕಟ್ಟಿದೋರ ಮನೆಗೆ ಅವ್ರು ಯಾಕ್ ಬರ್ತಾರೆ? ಕಟ್ಟದೇ ಇರೋನ ಬಾಗಿಲಲ್ಲಿ ಹೋಗಿ ಕೂತ್ಕೋ" ಎಂದೆ.

ಗುರುವಾರ ಇರಣ್ಣ ವಸಂತನ ಮೆಟ್ಟಿಲ ಮೇಲೆ ಕೂತ. ವಸಂತ್ ವಾಡಿಕೆಯಂತೆ ಹೊರಗಿನಿಂದ ಬೀಗ ಹಾಕಿಸಿಕೊಂಡು ಒಳಗಿದ್ದ. ವಸೂಲಿಯವನು ಬಂದು ಬೈಕ್ ನಿಲ್ಲಿಸಿ ಇಳಿಯುತ್ತಿದ್ದಂತೆ ಇರಣ್ಣ ಎದುರು ನಿಂತ.

"ನಿಮ್ಮನ್ನ ಹುಡುಕಿ ಹುಡುಕಿ ಸಾಕಾತ್ರಿ ಸಾರ್."

ಆ ಮಾತನ್ನು ಅವನು ತನ್ನ ಸರ್ವಿಸಿನಲ್ಲೇ ಕೇಳಿರಲಿಲ್ಲವೇನೋ, ಒಂದು ಹೆಜ್ಜೆ ಹಿಂದೆ ಸರಿದ. ಎನ್‌ಓಸಿ ತನ್ನ ಡಿಪಾರ್ಟ್‌ಮೆಂಟ್ ಅಲ್ಲ, ಆಫೀಸಿನ ವಿಳಾಸ ಹೇಳುವಂತಿಲ್ಲ ಎಂದ. ಇರಣ್ಣ ಅವನ ಬೈಕಿನ ಹಿಂದೆ ಹತ್ತಿ ಕೂತುಬಿಟ್ಟ.

"ನೀವು ನಮ್ಮತ್ತಿ ಊರ ತನಕ ಹುಡುಕೀರಿ. ನಾ ನಿಮ್ಮ ಆಫೀಸ್ ತನಕ ಬರ್ತೀನ್ರಿ. ನಡೀರಿ."

"ಕರ್ಕೊಂಡು ಹೋಗಿ ಸಾರ್, ಪಾಪ" ಎಂದು ಬೀಗ ಹಾಕಿದ ಮನೆಯೊಳಗಿಂದ ವಸಂತ್ ಶಿಫಾರಸು ಮಾಡಿದ.

ಆಫೀಸು ಪೀಣ್ಯದಲ್ಲೇ, ಬೇರಿಂಗ್ ಅಂಗಡಿಯ ಮಹಡಿಯ ಮೇಲೆ. ಬೋರ್ಡ್ ಇಲ್ಲ. ಹಾಕಿದರೆ ಜನ ಬರುತ್ತಾರಂತೆ. ಪತ್ರ ಹತ್ತು ನಿಮಿಷದಲ್ಲಿ ಅಚ್ಚಾಯಿತು. ಕೊಡುವ ಮುಂಚೆ ಮ್ಯಾನೇಜರ್ ಕಂಪ್ಯೂಟರ್ ನೋಡಿ, ಸಾಲ ತೀರಿತಲ್ಲ, ನಿಮ್ಮ ವಿಳಾಸ, ಫೋನ್ ನಂಬರು ಈಗ ನಮ್ಮಲ್ಲಿಲ್ಲ, ಬರೆದುಕೊಡಿ ಎಂದು ಕೇಳಿದನಂತೆ. ಇರಣ್ಣ ಬರೆದುಕೊಟ್ಟು ಪತ್ರ ತಂದ.