ಶಿವಶರಣಪ್ಪ ಹಿಂದೆ ಹಚ್ಚಿದ ಮೂರು

ಸಿಕಂದರಾಬಾದ್ ಪಕ್ಕದ ಮಲ್ಕಾಜ್‌ಗಿರಿಯ ಅರಿವೆ ಅಂಗಡಿ ಶಿವಶರಣಪ್ಪನಿಗೆ ಶಾಲೆ ಒಲಿಯಲಿಲ್ಲ, ಅಂಕಿ ಒಲಿದಿದ್ದವು. ಗಿರಾಕಿ ಇಲ್ಲದ ಮಧ್ಯಾಹ್ನ ದೊಡ್ಡ ದೊಡ್ಡ ಸಂಖ್ಯೆ ಹಿಡಿದು, ಅದು ಯಾವುದರಿಂದ ಭಾಗವಾಗುತ್ತದೆ ಎಂದು ಜಾಲಾಡುವುದೇ ಅವನ ಚಟ. ಅಂಥವನ ಪಾಲಿಗೆ ಬಂದ ಟೆಲಿಫೋನ್ ನಂಬರು 7393913. ಒಂದು ಮತ್ತು ತಾನು, ಈ ಎರಡನ್ನು ಬಿಟ್ಟರೆ ಯಾವುದರಿಂದಲೂ ಭಾಗವಾಗದ ಗಟ್ಟಿ ಸಂಖ್ಯೆ. ಬಾಲದ ಅಂಕಿಯನ್ನು ಒಂದೊಂದಾಗಿ ಕತ್ತರಿಸುತ್ತ ಹೋದರೂ ಉಳಿದದ್ದು ಹಾಗೆಯೇ ಗಟ್ಟಿ: 739391, 73939, 7393, 739, 73, 7. ಬಾಲಕ್ಕೆ ಇನ್ನೊಂದು ಮೂರು ಹಚ್ಚಿದರೆ 73939133. ಈ ಕುಲದಲ್ಲಿ ಅದೇ ಎಲ್ಲಕ್ಕೂ ದೊಡ್ಡದು. ಅದರಾಚೆ ಯಾವ ಅಂಕಿ ಹಚ್ಚಿದರೂ ಗುಣ ಕೆಡುತ್ತದೆ.

ಊರಿನ ನಂಬರುಗಳು ಎಂಟಂಕಿಗೆ ಏರಿದಾಗ ಎಲ್ಲದರ ಮುಂದೆಯೂ ಎರಡು ಬಂತು; ಅವನದು 27393913 ಆಯಿತು. ಶಿವಶರಣಪ್ಪನಿಗೆ ಮೈಯೆಲ್ಲ ಉರಿ.

“ಮೂರೊಂಬತ್ತಲೇ ಇಪ್ಪತ್ತೇಳು! ಎರಡನೇ ಅಂಕಿಗೇ ಮುರದು ಬಿತ್ತಲ್ಲ! ಹಿಂದ ಒಂದು ಮೂರು ಹಚ್ಚಿದ್ರ ಇವರಪ್ಪನ ಗಂಟು ಏನ್ ಹೋಗ್ತಿತ್ತು?”

“ಗಂಟು ನಿಮ್ಮ ತಲ್ಯಾಗ ಐತಿ,” ಎಂದಳು ಹೆಂಡತಿ ಅಂಬವ್ವ. “ಫೋನ್ ಹತ್ತಿದ್ರ ಸಾಲದೇನು?”

ಸಾಲದು. ಮಗಳ ಲಗ್ನಪತ್ರಿಕೆಯಲ್ಲಿ, ಹೆಂಡತಿಗೂ ಹೇಳದೆ, 73939133 ಎಂದೇ ಅಚ್ಚು ಹಾಕಿಸಿದ. ಸರಿಯಾದ ನಂಬರು ಯಾವುದೆಂದು ಊರಿಗೆ ತಿಳಿಯಲಿ ಎಂಬ ಹಟ.

ಲಗ್ನದ ಹಿಂದಿನ ದಿನ ವರನ ತಂದೆ ಅಮರೇಶಪ್ಪ, ಮೊದಲು ಹೇಳಿದ್ದ ರೈಲು ಬಿಟ್ಟು ಬೇರೆ ರೈಲಿಗೆ ಮಂದಿ ಕಟ್ಟಿಕೊಂಡು ರಾಯಚೂರಿನಿಂದ ಹೊರಟ. ತಿಳಿಸಲೆಂದು ಪತ್ರಿಕೆಯ ನಂಬರು ಒತ್ತಿದರೆ ಹತ್ತಲಿಲ್ಲ. ಹಳೆಯ ಏಳಂಕಿಯದು ಆಗಲೇ ಸತ್ತಿತ್ತು. ಸಿಕಂದರಾಬಾದ್ ಸ್ಟೇಷನ್ನಿನಲ್ಲಿ ಇಳಿದರೆ ಇದಿರುಗೊಳ್ಳಲು ಹೂವಿಲ್ಲ, ನೀರಿಲ್ಲ, ಹೆಣ್ಣಿನ ಕಡೆಯ ನರಪಿಳ್ಳೆ ಇಲ್ಲ. ಮದುವೆ ಮಂದಿ ಪ್ಲಾಟ್‌ಫಾರ್ಮಿನಲ್ಲೇ ಕುಂತಿತು. ಅಮರೇಶಪ್ಪ ತಮ್ಮನನ್ನು ಆಟೋದಲ್ಲಿ ಕಳಿಸಿದ: ಹೆಣ್ಣಿನ ಅಪ್ಪ ಬಂದು ಜವಾಬು ಹೇಳಲಿ, ಇಲ್ಲದಿದ್ದರೆ ಬಂದ ದಾರಿಯಲ್ಲೇ ವಾಪಸು.

ಶಿವಶರಣಪ್ಪ ಬಿದ್ದು ಎದ್ದು ಸ್ಟೇಷನ್ನಿಗೆ ಓಡಿದ. ಅಷ್ಟಾದರೂ ಬುದ್ಧಿ ಬರಲಿಲ್ಲ. ಏಳು, ಎಪ್ಪತ್ಮೂರು ಎಂದು ಬೀಗರಿಗೆ ಬಿಡಿಸಿ ಹೇಳತೊಡಗಿದ.

“ನಿಮ್ಮ ಲೆಕ್ಕಕ್ಕ ಬೆಂಕಿ ಹಚ್ರಿ ಬೀಗರ!” ಅಮರೇಶಪ್ಪ ಗುಡುಗಿದ. “ಬಿಸಲಾಗ ಮಂದಿ ಒಣಗಾಕತ್ತೈತಿ, ನನಗ ಮಗ್ಗಿ ಹೇಳ್ತೀರಿ? ಅಗೋ ಎಸ್‌ಟಿಡಿ ಬೂತ್. ನಮ್ಮೆದುರಿಗೆ ನಿಮ್ಮ ಮನಿಗೆ ಫೋನ್ ಹಚ್ರಿ. ಹತ್ತಿದ್ರ ಏಳ್ತೀವಿ.”

ಮಂದಿಯೆಲ್ಲ ಸುತ್ತ ನಿಂತಿತು. ಶಿವಶರಣಪ್ಪ ರಿಸೀವರ್ ಎತ್ತಿ, ಹಲ್ಲು ಕಡಿಯುತ್ತ, ಬೆರಳು ಮುರಿಯುವಂತೆ ಎರಡನ್ನು ಒತ್ತಿದ. ಆಮೇಲೆ ಉಳಿದದ್ದು.

ಆ ಕಡೆ ಅಂಬವ್ವ. ಸುದ್ದಿಯೆಲ್ಲ ಬೀಗರ ತಮ್ಮನ ಬಾಯಿಂದ ಕೇಳಿ ಕೆಂಡವಾಗಿದ್ದಳು. ಗಂಡನ ‘ಹಲೋ’ ಗುರುತು ಹಿಡಿದೇ ಕುಟುಕಿದಳು: “ಯಾರ್ರಿ? ಯಾವ ನಂಬರ್ ಬೇಕಾಗಿತ್ರಿ?”

“ನಿನ್ನ ಗಂಡ! ಅನ್ನಕ್ಕಿಡು. ಬೀಗರು ಎದ್ದಾರ.”

ಬೂತಿನ ಬಾಗಿಲು ಧಡಾರನೆ ತಳ್ಳಿ ಹೊರಬಂದ. ಬೀಗರ ಟ್ರಂಕನ್ನು ಯಾರಿಗೂ ಕೊಡದೆ ತಾನೇ ಹೆಗಲಿಗೇರಿಸಿದ. “ಇಪ್ಪತ್ತೇಳಂತ, ಇಪ್ಪತ್ತೇಳು,” ಎಂದು ಬೈಯುತ್ತಲೇ ಮೆಟ್ಟಿಲು ಹತ್ತಿದ.