ದುರ್ಬೀನಿನಲ್ಲಿ ಎರಡು ನೀರುಕಾಗೆ

ಹಿತ್ತಲ ನಲ್ಲಿಯ ಕೆಳಗೆ ಬಗ್ಗಿ ಮುಖ ತೊಳೆಯುವಾಗ ಗಾರ್ಡ್ ಸಾರ್ ಅವರ ಕತ್ತಿನ ಹಿಂದೆ ಬೆರಳಗಲದ ಒಂದು ಬಿಳಿಚು ಗೆರೆ ಕಾಣುತ್ತಿತ್ತು. ಕತ್ತೆಲ್ಲ ಬಿಸಿಲಿಗೆ ಕಪ್ಪಾಗಿ, ಅದೊಂದು ಪಟ್ಟಿ ಮಾತ್ರ ಹಾಗೇ ಉಳಿದಿತ್ತು. ದುರ್ಬೀನಿನ ಬಾರು ಕೂರುತ್ತಿದ್ದ ಜಾಗ ಅದು. ನಮ್ಮಿಬ್ಬರ ಹಿತ್ತಲ ನಡುವೆ ಎದೆಮಟ್ಟದ ಗೋಡೆಯಷ್ಟೇ ಇದ್ದುದರಿಂದ ಆ ಗೆರೆಯನ್ನು ನಾನು ದಿನವೂ ನೋಡುತ್ತಿದ್ದೆ. ಅದು ಮೆಲ್ಲಗೆ ಮಾಸಿಹೋಗಿದ್ದನ್ನೂ ನೋಡಿದ್ದೇನೆ. ಮಾಸಲು ಕಾರಣ ನಾನು.

ಅವರು ಗೂಡ್ಸ್ ರೈಲಿನ ಗಾರ್ಡ್ ಆಗಿದ್ದು, ನಿವೃತ್ತರಾಗಿ ಅರಸೀಕೆರೆಯಲ್ಲೇ ಮನೆ ಮಾಡಿದ್ದರು. ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಲೇ ಮುದುಕನಾದವನು. ಅವರು ನನಗಿಂತ ಹನ್ನೆರಡು ವರ್ಷ ದೊಡ್ಡವರು.

ಅವರ ಕೈಯಲ್ಲಿದ್ದ ದುರ್ಬೀನು ನೋಡಿ ನನಗೂ ಆಸೆಯಾಗಿ, ಒಂದು ದಿನ ಸ್ಟೇಷನ್ ರಸ್ತೆಯ ಅಂಗಡಿಗೆ ಅವರನ್ನು ಕರೆದುಕೊಂಡು ಹೋದೆ. ಅಂಗಡಿಯವನು ಕೆಂಪು ಗಾಜಿನದೊಂದನ್ನು ಮುಂದಿಟ್ಟು, "ಇಪ್ಪತ್ತು ಪಟ್ಟು ದೊಡ್ಡದಾಗಿ ಕಾಣ್ತದೆ ಸಾರ್" ಎಂದ.

"ಹಕ್ಕಿ ಇಪ್ಪತ್ತು ಪಟ್ಟಾದ್ರೆ ಇವನ ಕೈನಡುಕಾನೂ ಇಪ್ಪತ್ತು ಪಟ್ಟಾಗ್ತೈತೆ ಕಣಯ್ಯ. ಎಂಟು ಸಾಕು. ಮುಂದಿನ ಗಾಜು ಅಗಲ ಇರಬೇಕು, ಮಬ್ಬಿನಲ್ಲಿ ಬೆಳಕು ಬರೋದು ಅದರಿಂದಾನೇ. ಗಾಜಿಗೆ ಕುಂಕುಮ ಬಳಿದ್ರೆ ಏನು ಬಂತು?" ಎಂದು ಅದನ್ನು ಬೀದಿಗೆ ತಂದು, ದೂರದ ಬೋರ್ಡೊಂದನ್ನು ನನಗೆ ತೋರಿಸಿದರು. ಅಕ್ಷರಗಳ ಅಂಚಿಗೆಲ್ಲ ನೀಲಿ ಬಣ್ಣ ಕಟ್ಟಿತ್ತು.

"ಏನ್ ಸಾರ್, ನನ್ನ ವ್ಯಾಪಾರಕ್ಕೇ ಕೆಂಪು ಬಾವುಟ ತೋರಿಸಿಬಿಟ್ರಲ್ಲ!" ಎಂದು ಅಂಗಡಿಯವನು ನಕ್ಕ.

ದಾರಿಯಲ್ಲಿ ಗಾರ್ಡ್ ಸಾರ್, "ನಂದೇ ಐತಲ್ಲ. ಭಾನುವಾರ ನನ್ನ ಜೊತೆ ಬಾ" ಎಂದರು.

ಅಂದಿನಿಂದ ಭಾನುವಾರ ಬೆಳಗ್ಗೆ ಜಾವಗಲ್ ಮೇಲೆ ಹೋಗುವ ಬಸ್ಸು ಹಿಡಿದು ಹಳೇಬೀಡಿನ ಕೆರೆ ಏರಿಗೆ ಹೋಗುವುದು ರೂಢಿಯಾಯಿತು. ಬಂದವರೆಲ್ಲ ದೇವಸ್ಥಾನದ ಕಡೆ ಹೊರಟರೆ ನಾವಿಬ್ಬರು ಮಾತ್ರ ನೀರಿನ ಕಡೆ. ಹಕ್ಕಿಯನ್ನು ದುರ್ಬೀನಿನಲ್ಲಿ ಹುಡುಕಬಾರದು, ಮೊದಲು ಬರಿಗಣ್ಣಲ್ಲಿ ಹಿಡಿದು, ನೋಟ ಕದಲಿಸದೆ ದುರ್ಬೀನನ್ನು ಕಣ್ಣಿಗೆ ತರಬೇಕು ಎಂದು ಕಲಿಸಿದರು. ಬಲಗಣ್ಣು ಮುಚ್ಚಿ ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಹೊಂದಿಸು, ಆಮೇಲೆ ಬಲಗಡೆ ಕೊಳವೆಯ ಬಳೆ ತಿರುಗಿಸಿ ಬಲಗಣ್ಣಿಗೆ ಹೊಂದಿಸು. ನಾನು ಪಂಚೆಯ ಅಂಚಿನಿಂದ ಗಾಜು ಒರೆಸಹೋದರೆ ಕೈಮೇಲೆ ಹೊಡೆದು, "ಲೋಟ ಅಲ್ಲ ಕಣೋ ಅದು! ಮೊದಲು ದೂಳು ಊದು" ಎನ್ನುತ್ತಿದ್ದರು. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಬಾರಿನದು. ಬಾರು ನನ್ನ ಕತ್ತಿಗೆ ಬೀಳುವವರೆಗೆ ಅವರು ದುರ್ಬೀನನ್ನು ಕೈಬಿಡುತ್ತಿರಲಿಲ್ಲ.

ಅವರ ಜೇಬಿನಲ್ಲಿ ಒಂದು ಉದ್ದ ನೋಟ್‌ಬುಕ್ ಇರುತ್ತಿತ್ತು. ಯಾವ ಹಕ್ಕಿ, ಎಷ್ಟು ಹೊತ್ತಿಗೆ, ಎಲ್ಲಿ ಎಂದೆಲ್ಲ ರೈಲಿನ ಹೊತ್ತು ಬರೆದ ಹಾಗೆ ಬರೆಯುತ್ತಿದ್ದರು. ಹೋಗದ ಭಾನುವಾರಕ್ಕೂ ಒಂದು ಸಾಲು ಇರುತ್ತಿತ್ತು: "ಹೋಗಲಿಲ್ಲ. ಕಾರಣ: ಜ್ವರ." ನಾನು ನಕ್ಕರೆ, "ಗಾಡಿ ತಡ ಆಗೋದು ತಪ್ಪಲ್ಲ ಕಣೋ. ಕಾರಣ ಬರೀದೇ ಇರೋದು ತಪ್ಪು. ಸುಳ್ಳು ಕಾರಣ ಬರೆಯೋದು ಅದಕ್ಕಿಂತ ತಪ್ಪು" ಎನ್ನುತ್ತಿದ್ದರು.

ಕಣ್ಣಿನ ಬಗ್ಗೆ ಅವರಿಗೆ ಹೆಮ್ಮೆಯಿತ್ತು. ರೈಲ್ವೆಯ ಕಣ್ಣಿನ ಪರೀಕ್ಷೆಯಲ್ಲಿ ಒಮ್ಮೆಯೂ ಸೋತವರಲ್ಲ. "ಬಾಣಾವರದ ಸಿಗ್ನಲ್ಲು ಡ್ರೈವರಿಗಿಂತ ಮೊದಲು ನನಗೆ ಕಾಣ್ತಿತ್ತು" ಎಂದು, ಗಾಡಿಯ ಕೊನೆಯ ಡಬ್ಬಿಯಲ್ಲಿ ಕೂರುತ್ತಿದ್ದವರು ಹೇಳಿಕೊಳ್ಳುತ್ತಿದ್ದರು. ಅವರ ಹೆಂಡತಿ ಅಮ್ಮನವರು ಒಳಗಿನಿಂದಲೇ, "ಮನೇಲಿ ಉಪ್ಪಿನ ಡಬ್ಬಿ ಮಾತ್ರ ಕಾಣಲ್ಲ" ಎನ್ನುತ್ತಿದ್ದರು.

ನನ್ನ ಮಗನ ಮದುವೆಯಾದ ಹೊಸತು. ಬೀಗರು ಬಂದಿದ್ದರು, ಬೇಲೂರು ತೋರಿಸಬೇಕಿತ್ತು. ಸೂರಿನ ಕೆಳಗಿನ ಮದನಿಕೆಯರನ್ನು ಹತ್ತಿರದಿಂದ ತೋರಿಸಿ ದೊಡ್ಡಸ್ತಿಕೆ ಮೆರೆಯಬೇಕೆಂದು ದುರ್ಬೀನು ಕೇಳಿದೆ. ಗಾರ್ಡ್ ಸಾರ್ ಮರುಮಾತಿಲ್ಲದೆ ಕೊಟ್ಟರು. "ಬಾರು ಕತ್ತಿಗೆ" ಎಂದಷ್ಟೇ ಹೇಳಿದರು.

ಹಲಸಿನ ಹಣ್ಣಿನ ಮೇಲೆ ಕೂತ ಕಲ್ಲಿನ ನೊಣವನ್ನು ಬೀಗರಿಗೆ ತೋರಿಸಿದೆ. "ಅಯ್ಯೋ, ಹಲ್ಲಿ ಹೊಂಚು ಹಾಕಿರೋದೂ ಕಾಣ್ತದಲ್ರೀ! ಬೀಗರೇ, ನೀವು ಸಾಮಾನ್ಯರಲ್ಲ ಬಿಡಿ" ಎಂದರು. ಉಬ್ಬಿಹೋದೆ. ಕೈಯಿಂದ ಕೈಗೆ ದಾಟಿಸಲು ಬಾರು ಅಡ್ಡವೆಂದು ಅದನ್ನು ಕೊಳವೆಗಳಿಗೆ ಸುತ್ತಿಬಿಟ್ಟೆ. ಬೀಗಿತ್ತಿಗೆ ಕೊಡಹೋದಾಗ ನನ್ನ ಕೈಯಿಂದಲೇ ಜಾರಿ ಜಗತಿಯ ಕಲ್ಲಿಗೆ ಬಿತ್ತು. ಗಾಜು ಒಡೆಯಲಿಲ್ಲ. ಒಂದು ಮೂಲೆಯ ಬಣ್ಣ ಹೋಗಿತ್ತು, ಅಷ್ಟೆ. ಎತ್ತಿ ಗೋಪುರದ ತುದಿ ನೋಡಿದೆ. ಒಂದೊಂದು ಕಳಸವೂ ಎರಡೆರಡಾಗಿ, ಒಂದರ ಹೆಗಲ ಮೇಲೆ ಇನ್ನೊಂದು ನಿಂತಂತೆ ಕಂಡಿತು.

ಮನೆಗೆ ಬಂದು ಬಣ್ಣ ಹೋದ ಮೂಲೆಗೆ ಕಪ್ಪು ಬೂಟ್ ಪಾಲಿಶ್ ಹಚ್ಚಿ ಉಜ್ಜಿದೆ. ಬೆಳಗ್ಗೆ ಗೋಡೆಯ ಮೇಲಿಂದ ವಾಪಸು ಕೊಟ್ಟೆ. ಹೇಳಿದರೆ ಭಾನುವಾರಗಳು ನಿಂತುಹೋಗುತ್ತವೆ ಎಂಬ ಭಯ. ಮಂಡಿಯಲ್ಲಿ ಚೀಲ ಎಣಿಸಿಕೊಂಡಿದ್ದ ನನಗೆ ಬದುಕಿನಲ್ಲಿ ಸಿಕ್ಕ ಚಂದದ ದಿನಗಳೆಂದರೆ ಅವೇ.

ಮುಂದಿನ ಭಾನುವಾರ ಕೆರೆ ಏರಿಯಲ್ಲಿ ಅವರು ಬಹಳ ಹೊತ್ತು ಚಕ್ರ ತಿರುಗಿಸಿದರು. ಬಳೆ ತಿರುಗಿಸಿದರು. ಒಂದು ಕಣ್ಣು ಮುಚ್ಚಿ ನೋಡಿದರು, ಇನ್ನೊಂದು ಮುಚ್ಚಿ ನೋಡಿದರು. ಆಮೇಲೆ ಬಾರನ್ನು ನನ್ನ ಕತ್ತಿಗೆ ಹಾಕಿದರು.

"ಆ ಮರದ ಮೋಟಿನ ಮೇಲೆ ನೀರುಕಾಗೆ ಎಷ್ಟೈತೆ ನೋಡೋ."

ನೋಡಿದೆ. ಎರಡಿದ್ದವು, ಒಂದರ ಮೇಲೊಂದು. ಬರಿಗಣ್ಣಿಗೆ ಆ ಮೋಟಿನ ಮೇಲೆ ಇದ್ದದ್ದು ಒಂದೇ ಕಪ್ಪು ಚುಕ್ಕೆ.

"ಒಂದೇ ಸಾರ್."

"ಸರಿಯಾಗಿ ನೋಡು ಕಣೋ. ನನಗೆ ಎರಡು ಕಾಣ್ತೈತೆ."

"ಒಂದೇ ಸಾರ್. ಚೆನ್ನಾಗಿ ಕಾಣ್ತೈತೆ."

ಅವರು ನನ್ನ ಮುಖ ನೋಡಲಿಲ್ಲ, ನೀರು ನೋಡುತ್ತಿದ್ದರು. "ಒಂದೊಂದು ಕಣ್ಣು ಬೇರೆ ಬೇರೆ ನೋಡಿದ್ರೆ ಸರಿಯಾಗೈತೆ. ಜೊತೇಲಿ ಕೆಲಸ ಮಾಡಲ್ಲ ಅಂತಾವೆ. ವಯಸ್ಸಾಯ್ತು ಬಿಡು" ಎಂದು ನೋಟ್‌ಬುಕ್ ತೆಗೆದು ಏನೋ ಬರೆದರು. ನನ್ನ ಕಣ್ಣನ್ನು ನಂಬಿ ತಮ್ಮ ಕಣ್ಣನ್ನು ಬಿಟ್ಟುಕೊಟ್ಟರು. ಅವರಿಗೆ ದುರ್ಬೀನಿನ ಮೇಲೆ ಅನುಮಾನ ಬರಲು ಉಳಿದಿದ್ದ ಒಂದೇ ದಾರಿ ನನ್ನ ಬಾಯಿ.

ಬಸ್ಸಿನಲ್ಲಿ ಬಾರನ್ನು ತೆಗೆದುಕೊಡಹೋದೆ. ನನ್ನ ಕೈ ತಡೆದು, "ನಿನ್ನ ಹತ್ರಾನೇ ಇರ್ಲಿ. ನಿನ್ನ ಕಣ್ಣು ಚೆನ್ನಾಗೈತೆ" ಎಂದರು. ಬೇಡವೆನ್ನಲು ನಿಜ ಹೇಳಬೇಕಿತ್ತು. ಸುಮ್ಮನೆ ಇಟ್ಟುಕೊಂಡೆ.

ಆಮೇಲೆ ಅವರು ಹಳೇಬೀಡಿಗೆ ಹೋಗಲಿಲ್ಲ. ಹಾಸನದ ಕಣ್ಣಿನ ಡಾಕ್ಟರು ಸ್ವಲ್ಪ ಪೊರೆ ಶುರುವಾಗಿದೆ ಎಂದಿದ್ದರಂತೆ. ಅದನ್ನು ಕೇಳಿ, ನಾನು ಹೇಳಿದ್ದು ಅಷ್ಟೇನೂ ಸುಳ್ಳಲ್ಲ ಎಂದು ಸಮಾಧಾನ ಮಾಡಿಕೊಂಡ ನೀಚ ನಾನು. ಗೋಡೆಯಾಚೆಯಿಂದ ಮಾತನಾಡಿಸುತ್ತಿದ್ದರು, ಮೊದಲಿನಷ್ಟೇ ಪ್ರೀತಿ. "ಕೆರೇಲಿ ಬಾತುಕೋಳಿ ಬಂದ್ವಾ?" ಎಂದು ಕೇಳುತ್ತಿದ್ದರು. ದುರ್ಬೀನು ನನ್ನ ಬೀರುವಿನಲ್ಲಿ ಸೀರೆಗಳ ಕೆಳಗಿತ್ತು. "ಬಂದಿದಾವೆ ಸಾರ್" ಎನ್ನುತ್ತಿದ್ದೆ. ಒಂದು ಸುಳ್ಳಿಗೆ ಎಷ್ಟು ಬಾತುಕೋಳಿ ಹಾರಿಸಿದೆನೋ!

ಎರಡು ವರ್ಷದ ಬಳಿಕ ಒಂದು ಬೆಳಗ್ಗೆ ಎದೆನೋವು ಬಂದು ಹೋಗಿಬಿಟ್ಟರು. ಹೆಗಲು ಕೊಟ್ಟೆ. ಆ ಹೊತ್ತಿಗೆ ಕತ್ತಿನ ಗೆರೆ ಮೈಬಣ್ಣದಲ್ಲಿ ಸೇರಿಹೋಗಿತ್ತು.

ವೈಕುಂಠ ಸಮಾರಾಧನೆ ಮುಗಿದ ಮೇಲೆ ಅಮ್ಮನವರು ನೋಟ್‌ಬುಕ್ ತಂದು, "ಹಕ್ಕಿ ಪುಸ್ತಕ ಕಣಪ್ಪ, ನನಗೇನು ತಿಳೀತದೆ. ನೀನಿಟ್ಕೋ" ಎಂದರು. ಕೊನೆಯ ಸಾಲು ಆ ಭಾನುವಾರದ್ದು: "ಇನ್ನು ಹೋಗುವುದಿಲ್ಲ. ಕಾರಣ: ವಯಸ್ಸು."

ಮರುದಿನ ದುರ್ಬೀನು ಹಿಡಿದು ಹಾಸನಕ್ಕೆ ಹೋದೆ. ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಒಬ್ಬರು ಅದನ್ನು ಕಣ್ಣಿಗಿಟ್ಟು ತಕ್ಷಣ ಇಳಿಸಿದರು. "ಒಳಗಿನ ಪ್ರಿಸಂ ಜರುಗಿದೆ. ಎರಡು ಕೊಳವೆ ಎರಡು ದಿಕ್ಕು ನೋಡ್ತಿವೆ. ಬಿದ್ದಿತ್ತೇನು?"

"ಹೌದು. ನಾನೇ ಬೀಳಿಸಿದೆ" ಎಂದೆ. ಗುರುತಿಲ್ಲದವರ ಮುಂದೆ ಎಷ್ಟು ಸಲೀಸಾಗಿ ಬಂತು ಆ ಮಾತು.

"ಕೂತ್ಕೊಳಿ. ಅರ್ಧ ಗಂಟೆ ಕೆಲಸ."

ಅರ್ಧ ಗಂಟೆ!

ಭಾನುವಾರ ಬಾರು ಕತ್ತಿಗೆ ಹಾಕಿಕೊಂಡು ಒಬ್ಬನೇ ಕೆರೆ ಏರಿಗೆ ಹೋದೆ. ಮೋಟಿನ ಮೇಲೆ ನೀರುಕಾಗೆಯೊಂದು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತಿತ್ತು. ಒಂದೇ. ಅಲ್ಲೇ ಕೂತು ಅವರ ಕೊನೆಯ ಸಾಲಿನ ಕೆಳಗೆ ಬರೆದೆ: "ಮೇಲಿನ ಕಾರಣ ತಪ್ಪು. ದುರ್ಬೀನು ಬೇಲೂರಿನಲ್ಲಿ ನನ್ನ ಕೈಯಿಂದ ಬಿದ್ದಿತ್ತು. ಕೆರೆಯಲ್ಲಿ ನನಗೂ ಎರಡೇ ಕಂಡಿದ್ದವು." ಕೆಳಗೆ ಸಹಿ ಹಾಕಿದೆ.

ಸಂಜೆ ಅದನ್ನು ಅಮ್ಮನವರಿಗೆ ಓದಲು ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. ಬೈಯಲಿ ಎಂದು ಕಾದೆ. ಅವರು ಕಿಟಕಿಯ ಕಡೆ ನೋಡಿದರು. ಗಾರ್ಡ್ ಸಾರ್ ದಿನಾ ಕೂತು ತೆಂಗಿನ ಮರದ ಹಕ್ಕಿ ನೋಡುತ್ತಿದ್ದ ಜಾಗ ಅದು. ಕುರ್ಚಿ ಈಗ ಗೋಡೆಗೆ ಮುಖ ಮಾಡಿತ್ತು.

"ಕಾಣಲ್ಲ ಅಂದ್ಮೇಲೆ ಯಾಕೆ ಅಂತ ಅವರೇ ತಿರುಗಿಸಿಟ್ಕೊಂಡ್ರು ಕಣಪ್ಪ" ಎಂದರು. ನೋಟ್‌ಬುಕ್ ಮುಚ್ಚಿ ನನ್ನ ಕೈಗಿಟ್ಟರು. "ಇದನ್ನ ನೀನು ನನಗೆ ಹೇಳಬಾರದಿತ್ತು. ಅವರಿಗೆ ಹೇಳಬೇಕಿತ್ತು."