ಬೂದೆಮ್ಮನ ದೋಣಿಯ ಹಲಗೆ

ಹಾಲೇಶ ಹಿರೇಕೊಟ್ನೆಕಲ್ಲಿನವನು. ರಾಯಚೂರಿನ ಸೋದರಮಾವನ ಕೈಕೆಳಗೆ ಬಡಿಗತನ ಕಲಿತು, ಇಪ್ಪತ್ತು ವರ್ಷದಿಂದ ರಾಯಚೂರಿನಲ್ಲೇ ಸ್ವಂತ ಅಂಗಡಿ ನಡೆಸುತ್ತಿದ್ದಾನೆ. ಬಾಗಿಲು, ಕಪಾಟು, ಅಡುಗೆಮನೆಯ ಖಾನೆ ಅವನ ಕಸುಬು. ಕೈ ಚೊಕ್ಕ, ಮಾತು ಕಡಿಮೆ. ದೋಣಿಯನ್ನು ಸೇತುವೆ ದಾಟುವಾಗ ಬಸ್ಸಿನ ಕಿಟಕಿಯಿಂದ ನೋಡಿದ್ದನೇ ಹೊರತು ಮುಟ್ಟಿರಲಿಲ್ಲ.

ಹೋದ ಜನವರಿಯಲ್ಲಿ ದೇವಸುಗೂರಿನ ಬೂದೆಮ್ಮ ಅಂಗಡಿಗೆ ಬಂದಳು. ಅರವತ್ತರ ಆಸುಪಾಸು, ಎಡಗಾಲಿಗೆ ಪಟ್ಟಿ ಸುತ್ತಿತ್ತು. ಗಂಡ ಹನುಮಂತ್ರಾಯ ತೀರಿಕೊಂಡ ಮೇಲೆ ಸೊಸೆ ಭಾಗ್ಯಜ್ಯೋತಿಯ ಜೊತೆ ಕೃಷ್ಣೆಯಲ್ಲಿ ತಾನೇ ಬಲೆ ಹಾಕುತ್ತಿದ್ದಳು. ಎಂಟು ದಿನದ ಹಿಂದೆ ಬಲೆ ಎಳೆಯುವಾಗ ಕಾಲ ಕೆಳಗಿನ ಪ್ಲೈವುಡ್ ಕುಸಿದು, ಪಾದ ಮುರುಕಿನೊಳಗೆ ಸಿಕ್ಕಿಕೊಂಡಿತ್ತು. ಸೊಸೆ ಹುಟ್ಟು ಬಿಟ್ಟು ಬಂದು ಬಿಡಿಸುವಷ್ಟರಲ್ಲಿ ದೋಣಿ ಹೋಗಿ ಬಂಡೆಗೆ ಬಡಿದಿತ್ತು. ಮಾರ್ಕೆಟ್ಟಿನಲ್ಲಿ ಮೀನು ಮಾರುವ ಅಲ್ಮಾಸ್ ಅವಳಿಗೆ ಹಾಲೇಶನ ಹೆಸರು ಹೇಳಿದ್ದಳು.

“ನಾ ಕಪಾಟು ಮಾಡಾಂವ, ಯವ್ವಾ. ದೋಣಿ ಕೆಲಸ ನಂಗ ಬರಂಗಿಲ್ಲ,” ಎಂದ ಹಾಲೇಶ.

“ತಳ ಫೈಬರಿಂದು, ಗಟ್ಟಿ ಅದ. ಮ್ಯಾಲ ಕಾಲಿಡೋ ಹಲಿಗಿ ಅಷ್ಟ ಕೊಳತದ. ಹಲಿಗಿ ಕೆಲಸ ಬರತದಲ್ಲ?”

ಭಾನುವಾರ ಹಾಲೇಶ ಸಾಮಾನಿನ ಚೀಲ ಹೊತ್ತು ದೇವಸುಗೂರಿಗೆ ಹೋದ.

ಸ್ಕ್ರೂಗಳು ತುಕ್ಕು ಹಿಡಿದು ತಿರುಗುವಂತಿರಲಿಲ್ಲ. ಉಳಿ ಹಾಕಿ ಮೀಟಿದಾಗ ಹಲಗೆ ನೆನೆದ ರೊಟ್ಟಿಯಂತೆ ಪದರುಪದರಾಗಿ ಎದ್ದು ಬಂತು. ಮೂಲೆಯ ಒಂದು ತುಂಡು ಮಾತ್ರ ಗಟ್ಟಿಯಿತ್ತು. ಅದನ್ನು ಮಗುಚಿದಾಗ ಅಡಿಯಲ್ಲಿ ಪೆನ್ಸಿಲಿನ ತ್ರಿಕೋನ, ಅದರೊಳಗೆ ಮೂವತ್ತೆಂಟೂವರೆ ಎಂಬ ಅಳತೆ. ಅಳತೆಯನ್ನು ತ್ರಿಕೋನದೊಳಗೆ ಬರೆಯುವುದು ಹಾಲೇಶನ ರೂಢಿ. ಅಕ್ಷರವೂ ಅವನದೇ.

ನೆನಪಾಯಿತು. ಮೂರು ವರ್ಷದ ಹಿಂದೆ ಒಬ್ಬ ಮುದುಕ ಬಂದು, ದೋಣಿಗೆ ಬೇಕು, ನೀರು ತಡೆಯುವಂಥದ್ದು ಕೊಡು ಎಂದು ಕೇಳಿದ್ದ. ಯಾವುದೋ ಮನೆಯ ಕಪಾಟಿಗೆ ತಂದ ಪ್ಲೈವುಡ್ಡಿನಲ್ಲಿ ಎರಡು ಹಾಳೆ ಉಳಿದು ಜಾಗ ತಿನ್ನುತ್ತಿದ್ದವು. ‘ಇದಕ್ಕ ನೀರಿಂದ ಏನೂ ಆಗಂಗಿಲ್ಲ, ಒಯ್ರಿ’ ಎಂದು ಹಾಲೇಶನೇ ಕತ್ತರಿಸಿ ಕೊಟ್ಟಿದ್ದ.

ಸಂಜೆಗೆ ಈ ತುಂಡುಗಳೆಲ್ಲ ಒಲೆ ಸೇರುತ್ತವೆ, ಗುರುತು ಹಿಡಿಯುವವರು ಯಾರೂ ಇಲ್ಲ ಎಂಬುದು ಅವನಿಗೆ ಗೊತ್ತಿತ್ತು. ಬೂದೆಮ್ಮ ನೆರಳಲ್ಲಿ ಕಾಲು ಚಾಚಿ ಕೂತು ಬಲೆ ಹೆಣೆಯುತ್ತಿದ್ದಳು. ಅವನು ಹೋಗಿ ತುಂಡನ್ನು ಅವಳ ಮುಂದಿಟ್ಟ.

“ಯವ್ವಾ, ಈ ಹಲಿಗಿ ನಾನ ಕೊಟ್ಟಿದ್ದು. ನೀರಿಗೆ ಆಗೋದಲ್ಲ ಅಂತ ಗೊತ್ತಿದ್ದೂ ಕೊಟ್ಟೆ.”

ಬೂದೆಮ್ಮ ಕೈಯಲ್ಲಿದ್ದ ಗಂಟು ಮುಗಿಸಿದಳು.

“ನಮ್ಮ ಯಜಮಾನ ನನ್ನ ಬೈತಿದ್ದ. ನೀ ನೀರು ಬಳದು ಹಾಕಂಗಿಲ್ಲ, ಅದಕ್ಕ ಕೊಳಿಯಾಕತ್ತದ ಅಂತ. ಸಾಯೋ ತನಕ ಅಂದ. ನಾನೂ ಖರೇ ಅಂತ ತಿಳಕೊಂಡಿದ್ದೆ.”



“ಭಾಗ್ಯಾ, ಬಾ ಇಲ್ಲಿ,” ಎಂದು ಸೊಸೆಯನ್ನು ಕರೆದು, ಹಾಲೇಶನ ಕಡೆ ತಿರುಗಿದಳು. “ಈಗ ಹೇಳಿದೆಲ್ಲಪಾ, ಅದನ್ನ ಇಕಿ ಮುಂದನೂ ಹೇಳು. ಇಕಿನೂ ನಂದ ತಪ್ಪು ಅಂತಾಳ.”

ಅವನು ಇನ್ನೊಮ್ಮೆ ಹೇಳಿದ. ಎರಡನೆಯ ಸಲ ಹೇಳುವುದು ಮೊದಲ ಸಲಕ್ಕಿಂತ ಕಷ್ಟವಾಯಿತು. ಭಾಗ್ಯಜ್ಯೋತಿ ಅತ್ತೆಯ ಕಾಲಿನ ಪಟ್ಟಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, ಕೊಳೆತ ಚೂರುಗಳನ್ನು ಬುಟ್ಟಿಗೆ ತುಂಬತೊಡಗಿದಳು.

ದೋಣಿ ನಾಲ್ಕು ದಿನ ಬಿಸಿಲಿಗೆ ಒಣಗಿತು. ಹಾಲೇಶ ರಟ್ಟಿನಲ್ಲಿ ಅಳತೆ ತೆಗೆದು, ದೋಣಿಗೆಂದೇ ಬರುವ ಪ್ಲೈವುಡ್ ತರಿಸಿ ಕತ್ತರಿಸಿದ. ಎರಡೂ ಮೈಗೆ, ಅಂಚಿಗೆ, ಸ್ಕ್ರೂಗೆಂದು ಕೊರೆದ ತೂತುಗಳೊಳಗೂ ಮೂರು ಸಲ ರಾಳ ಬಳಿದ. ಹಲಗೆಗಳ ನಡುವೆ ಬೆರಳಗಲ ಸಂದಿ ಬಿಟ್ಟ, ನೀರು ನಿಲ್ಲದಿರಲೆಂದು. ತುಕ್ಕು ಹಿಡಿಯದ ಸ್ಟೀಲ್ ಸ್ಕ್ರೂ ಹಾಕಿ ಕೂರಿಸಿದ. ಕೂಲಿಯ ಮಾತು ಅವನೂ ಎತ್ತಲಿಲ್ಲ, ಬೂದೆಮ್ಮನೂ ಎತ್ತಲಿಲ್ಲ.

ದೋಣಿ ನೀರಿಗಿಳಿದ ದಿನ ಬೂದೆಮ್ಮ ಹೊಸ ಹಲಗೆಯ ಮೇಲೆ ಆ ತುದಿಯಿಂದ ಈ ತುದಿಗೆ ಹಿಮ್ಮಡಿ ಊರಿ ನಡೆದು ನೋಡಿದಳು.

“ಬರ್ತೀಯೇನಪಾ, ಒಂದು ಸುತ್ತು?”

“ನಂಗ ಈಜು ಬರಂಗಿಲ್ರೀ.”

“ಹಂಗಾರ ಬ್ಯಾಡ,” ಎಂದಳು. ಭಾಗ್ಯಜ್ಯೋತಿ ಹುಟ್ಟು ಹಾಕಿದಳು. ದೋಣಿ ಬಂಡೆ ತಪ್ಪಿಸಿ ಆಳದ ಕಡೆಗೆ ಸಾಗಿತು. ಹಾಲೇಶ ಸಾಮಾನು ಚೀಲಕ್ಕೆ ತುಂಬಿಕೊಂಡು ಬಸ್ಸಿಗೆ ನಡೆದ. ಮಧ್ಯಾಹ್ನ ರಾಯಚೂರಿನಲ್ಲಿ ಒಂದು ಕಪಾಟು ಕೂರಿಸುವುದಿತ್ತು.